ತರಗು ಬೆಂಕಿ, ಯಜ್ಡಿ ಗಾಡಿ ಮತ್ತು 75 ವರ್ಷದ ಸಾಕ್ಷಿ

ಬರಹ ಸ್ವಲ್ಪ ಉದ್ದ ಆಗಿದೆ, ಬಿಡುವು ಮಾಡಿಕೊಂಡು ಓದಿ.

ಇವತ್ತು ಭಾನುವಾರ. ಬೆಳಗ್ಗೆ ಆರಕ್ಕೇ ಬೈಕ್ ತೆಗೆದವನು ನಮ್ಮ ಚಾಮರಾಜನಗರ ಜಿಲ್ಲೆಯ ಕಾಡಂಚಿನ ಮೂರು ಊರು ಮುಗಿಸಿ ಸಂಜೆ ಮನೆಗೆ ಬಂದೆ. ಟಾರು ರಸ್ತೆ ಬಿಟ್ಟರೆ ಉಳಿದದ್ದೆಲ್ಲ ಗಾಡಿ ಜಾಡು. ಶಿವರಾತ್ರಿ ಕಳೆದಿದೆ, ಹಳ್ಳದಲ್ಲಿ ನೀರಿಲ್ಲ, ಚಕ್ರ ಮರಳಲ್ಲಿ ಹೂತರೆ ಇಳಿದು ತಳ್ಳಬೇಕು. ಅಂಗಿ ಬಿಚ್ಚಿದಾಗ ಕಾಲರಿನ ಮೇಲೆ ಕರೀ ಬೂದಿ. ಹೆಂಡತಿ ನೋಡಿ "ಎಲ್ಲಿ ಬೆಂಕಿ ಬಿದ್ದದ?" ಅಂದಳು. ಎಲ್ಲೋ ಬಿದ್ದಿರುತ್ತದೆ. ಈ ಕಾಲದಲ್ಲಿ ನಮ್ಮ ಕಡೆ ಗಾಳಿಯಲ್ಲೇ ಬೂದಿ.

ನಾನು ಹೋಗಿದ್ದು ವಯಸ್ಸಾದವರ ಮಾತು ಬರೆದುಕೊಳ್ಳೋಕೆ. ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಬೆಂಕಿಯ ಚರಿತ್ರೆ ಹೇಳಬೇಕು. ಪ್ರತಿ ವರ್ಷ ಕಾಡು ಉರಿದಾಗ "ಕಾಡಂಚಿನ ಜನ ಬೆಂಕಿ ಇಟ್ಟರು" ಅನ್ನೋ ಮಾತು ಎಲ್ಲರ ಬಾಯಲ್ಲೂ ಬರುತ್ತಲ್ಲ, ಆ ಕಾಡಂಚಿನ ಜನ ಅಂದರೆ ನಾವೇ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೆಂಕಿ ಇಡುತ್ತಿದ್ದರು, ನಿಜ. ಅದಕ್ಕೆ ತರಗು ಬೆಂಕಿ ಅಂತಾರೆ. ಚಳಿ ಇನ್ನೂ ಪೂರ್ತಿ ಹೋಗಿರದ ಹೊತ್ತಲ್ಲಿ, ಬೇಸಿಗೆ ಬಲಿಯೋ ಮೊದಲೇ, ಉದುರಿದ ಎಲೆಗೆ ಹಚ್ಚುವ ಸಣ್ಣ ಬೆಂಕಿ ಅದು. ನೆಲದ ಮೇಲೆ ಹರಿದು ಹೋಗುತ್ತೆ, ದೊಡ್ಡ ಮರವನ್ನ ಸುಡಲ್ಲ. ತರಗು ಸುಟ್ಟು ಬೂದಿಯಾಗುತ್ತೆ, ಲಂಟಾನದ ಸಸಿ ಸಾಯುತ್ತೆ, ನೆಲ್ಲಿ ಮರದ ರಸ ಹೀರೋ ಉಪ್ಪಿಲು ಅನ್ನೋ ಬಂದಳಿಕೆ ಹತೋಟಿಯಲ್ಲಿರುತ್ತೆ, ಮಳೆ ಬಿದ್ದ ಕೂಡಲೇ ಹಸಿ ಹುಲ್ಲು ಬರುತ್ತೆ. ಯಾವ ಗುಡ್ಡಕ್ಕೆ ಯಾವಾಗ, ಗಾಳಿ ಯಾವ ಕಡೆಯಿಂದ ಬೀಸುವಾಗ ಹಚ್ಚಬೇಕು ಅನ್ನೋದು ತಾತನಿಂದ ಮೊಮ್ಮಗನಿಗೆ ಬಂದ ವಿದ್ಯೆ.

ಕಾನೂನು ಇದನ್ನು ಅಪರಾಧ ಅಂತ ಬರೆಯಿತು. ಇಲ್ಲಿ ಸ್ವಲ್ಪ ಇತಿಹಾಸ ನೆನಪಿರಲಿ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರು ಸೀಮೆಯಲ್ಲಿ, ದಿವಾನ್ ಪೂರ್ಣಯ್ಯನವರಿಗೆ ಕೊಟ್ಟ ಜಹಗೀರು. ಅಕ್ಕಪಕ್ಕದ ಊರುಗಳಿಗೇ ಬೇರೆ ಬೇರೆ ಸರ್ಕಾರ. ಆದರೆ ಬೆಂಕಿ ವಿಷಯಕ್ಕೆ ಬಂದರೆ 1882ರ ಮದ್ರಾಸ್ ಅರಣ್ಯ ಕಾಯ್ದೆಯೂ ಒಂದೇ, ಆಮೇಲೆ ಬಂದ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಒಂದೇ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚಿದರೆ ಶಿಕ್ಷೆ. ಬ್ರಿಟಿಷರು ಹೋದರು, ಸಾಲು ಉಳಿಯಿತು. 1972ಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ಕ್ಕೆ ಬೆಟ್ಟ ವನ್ಯಧಾಮ ಆಯಿತು. ಕಾಡೊಳಗಿದ್ದ ಸೋಲಿಗರು ಅಂಚಿನ ಪೋಡುಗಳಿಗೆ ಬಂದರು, ತರಗು ಬೆಂಕಿ ನಿಂತಿತು.

ಆಮೇಲೆ ಬಂದದ್ದು ಲಂಟಾನ. ಬ್ರಿಟಿಷರು ಹೂದೋಟದ ಅಂದಕ್ಕೆ ಅಂತ ಈ ದೇಶಕ್ಕೆ ತಂದ ಗಿಡ. ಬಿಳಿಗಿರಿ ಬೆಟ್ಟದಲ್ಲಿ 1997ರಲ್ಲಿ ಮತ್ತೆ 2008ರಲ್ಲಿ ಸಂಶೋಧಕರು ಲೆಕ್ಕ ಹಾಕಿದಾಗ ಅದು ಕಂಡ ಜಾಗಗಳು ಸುಮಾರು ದುಪ್ಪಟ್ಟಾಗಿದ್ದವು. ಬೆಂಕಿ ನಿಲ್ಲಿಸಿದ್ದೊಂದೇ ಇದಕ್ಕೆ ಕಾರಣ ಅಂತ ಎಲ್ಲ ವಿಜ್ಞಾನಿಗಳೂ ಒಪ್ಪಲ್ಲ, ನಾನೂ ಹಾಗೆ ಹೇಳಲ್ಲ. ಆದರೆ ಸೋಲಿಗರ ಹಿರಿಯರು ಇದನ್ನು ಮೊದಲಿಂದ ಹೇಳ್ತಾ ಬಂದರು, ಕೇಳಿದವರು ತಡವಾಗಿ ಕೇಳಿದರು. ಬೇಸಿಗೆಯಲ್ಲಿ ಲಂಟಾನ ಒಣಗಿ ನಿಂತರೆ ಆಳುದ್ದದ ಸೌದೆ ಒಟ್ಟಿದ ಹಾಗೆ. ನೆಲದಲ್ಲಿ ಹರಿಯಬೇಕಾದ ಬೆಂಕಿ ಅದನ್ನು ಹತ್ತಿ ಮರದ ತಲೆಗೆ ಹೋಗುತ್ತೆ.

2019ರ ಫೆಬ್ರವರಿ ನಿಮಗೆಲ್ಲ ನೆನಪಿರಬೇಕು. ಬಂಡೀಪುರ ನಾಲ್ಕೈದು ದಿನ ಉರಿಯಿತು. ಉಪಗ್ರಹದ ಲೆಕ್ಕದಲ್ಲಿ ಸುಟ್ಟದ್ದು ಹತ್ತು ಸಾವಿರ ಎಕರೆಗೂ ಹೆಚ್ಚು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ಬಕೆಟ್ಟಿನಲ್ಲಿ ನೀರು ತಂದು ಸುರಿಯಿತು. ಅದೇ ವಾರ, 23ನೇ ತಾರೀಖು, ಬೆಂಗಳೂರಿನ ಯಲಹಂಕದಲ್ಲಿ ವಿಮಾನ ಪ್ರದರ್ಶನದ ಪಾರ್ಕಿಂಗ್ ಜಾಗದ ಒಣ ಹುಲ್ಲಿಗೆ ಬೆಂಕಿ ಹತ್ತಿ ಮುನ್ನೂರರಷ್ಟು ಕಾರು ಸುಟ್ಟವು. ಅಲ್ಲಿ "ಒಣ ಹುಲ್ಲು, ಜೋರು ಗಾಳಿ" ಅಂದರು. ಇಲ್ಲಿ ಹುಲ್ಲು, ಗಾಳಿ ಎರಡನ್ನೂ ಬಿಟ್ಟು ದನ ಕಾಯೋರು, ಸೌದೆಯವರು ಅಂದರು. ಬೆಂಕಿ ಇಡೋರು ಯಾರೂ ಇಲ್ಲ ಅಂತ ನಾನು ವಾದ ಮಾಡ್ತಿಲ್ಲ. ಬೀಡಿ ಎಸೆಯೋರೂ ಇದಾರೆ, ಸೇಡಿಗೆ ಕಡ್ಡಿ ಗೀರೋರೂ ಇದಾರೆ. ಆದರೆ ಬೆಂಕಿ ಆರಿಸಿದ್ದು ಯಾರು ಅನ್ನೋದು ಯಾವತ್ತೂ ಸುದ್ದಿ ಆಗಲ್ಲ. 2017ರಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಒಬ್ಬ ಅರಣ್ಯ ರಕ್ಷಕ ಬೆಂಕಿಯಲ್ಲೇ ಸತ್ತುಹೋದ. ಅವನು ಸತ್ತ ಮೇಲೆ ಸುದ್ದಿಯಾದ. ಅಂಥವರ ಜೊತೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯೋ ದಿನಗೂಲಿಗಳು ಬದುಕಿದ್ದರೂ ಇಲ್ಲ, ಸತ್ತರೂ ಇಲ್ಲ.

ನಮ್ಮಪ್ಪ ಅಂಥ ದಿನಗೂಲಿ. ಬೇಸಿಗೆಯ ನಾಲ್ಕು ತಿಂಗಳು ಬೆಂಕಿ ಗೆರೆ ಕಡಿಯೋದು, ಗುಡ್ಡದ ತಲೆಯಲ್ಲಿ ಕೂತು ಹೊಗೆ ಕಾಯೋದು. ಮಳೆ ಬಿದ್ದ ದಿನ ಕೆಲಸ ಮುಗೀತು. ಒಂದು ವರ್ಷ ಬೆಂಕಿ ಅವನನ್ನು ಹಿಂದಿನಿಂದ ಸುತ್ತಿ ಎಡಗಾಲಿನ ಪಾದ ಸುಟ್ಟಿತು. ಆಸ್ಪತ್ರೆ ಖರ್ಚು ಕೇಳೋಕೆ ಹೋದರೆ "ನಿನ್ನ ಹೆಸರು ಪುಸ್ತಕದಲ್ಲಿಲ್ಲ" ಅಂದರಂತೆ. ಯಾವ ಕಚೇರಿ ಅಂತ ಬರೆಯಲ್ಲ. ನಾನೂ ಈಗ ಒಂದು ಕಚೇರಿಯಲ್ಲಿ ಗುಮಾಸ್ತ, ಪುಸ್ತಕದಲ್ಲಿ ಹೆಸರಿಲ್ಲ ಅನ್ನೋ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತೆ ಅಂತ ನನಗೆ ಗೊತ್ತು.

ಅಪ್ಪ ಗುಡ್ಡಕ್ಕೆ ನಡೆದೇ ಹೋಗುತ್ತಿದ್ದ. ನಮ್ಮ ಕೇರಿಗೆ ಮೊದಲ ಗಾಡಿ ತಂದದ್ದು ಚಿಕ್ಕಪ್ಪ, 1986ರಲ್ಲಿ. ಮೈಸೂರಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತ್ತು, ಸೆಕೆಂಡ್ ಹ್ಯಾಂಡ್ ಯಜ್ಡಿ ತಗೊಂಡ. ಯಜ್ಡಿ ನಮ್ಮ ಮೈಸೂರಿನದೇ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಕಿಕ್ ಹೊಡೆಯೋ ಪೆಡಲ್ಲೇ ಗೇರು ಪೆಡಲ್ಲು, ಹಿಂದಕ್ಕೆ ಮಡಚಿ ಒದೆಯಬೇಕು, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಿರುಗಿಸಬೇಕು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಶಬ್ದ ಎರಡು ಊರಿಗೆ ಕೇಳೋದು. ಆ ಶಬ್ದವೇ ತೊಂದರೆ ಆಗಿದ್ದು. ಕೇರಿಗೆ ಬರಬೇಕಾದರೆ ಮೇಲಿನ ಬೀದಿ ದಾಟಬೇಕು. ಮೊದಲ ಕೆಲವು ತಿಂಗಳು ಚಿಕ್ಕಪ್ಪ ಬೀದಿಯ ತುದಿಯಲ್ಲಿ ಇಂಜಿನ್ ಆಫ್ ಮಾಡಿ, ಇಳಿದು, ಇನ್ನೂರು ಮಾರು ಗಾಡಿ ತಳ್ಳಿಕೊಂಡು ಬರುತ್ತಿದ್ದ. ಯಾರೂ ಹಾಗೆ ಮಾಡು ಅಂತ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳೋ ಅಗತ್ಯ ಇರಲಿಲ್ಲ.

ಮಾರನೆ ವರ್ಷ ಬೇಸಿಗೆಯಲ್ಲಿ ಒಂದು ಸಂಜೆ ಕಾಡಿನ ಬೆಂಕಿ ಇಳಿದು ಊರಿನ ಹುಲ್ಲುಮೆದೆಗಳ ಹತ್ತಿರ ಬಂತು. ಕಾವಲಿನವರಿಗೆ ಹೇಳಿಕಳಿಸಬೇಕು, ಏಳು ಮೈಲಿ, ಊರಲ್ಲಿ ಫೋನಿಲ್ಲ. ಮೇಲಿನ ಬೀದಿಯಿಂದಲೇ ಕೂಗು ಬಂತು. "ಗಾಡಿ ತಗಂಡ್ ಬಾರಲಾ ಬಿರ್ರನೆ!" ಚಿಕ್ಕಪ್ಪ ಅಪ್ಪನನ್ನ ಹಿಂದೆ ಕೂರಿಸಿಕೊಂಡು ಆ ಬೀದಿ ನಡುವೆ ಇಂಜಿನ್ ಹೊಡೆದುಕೊಂಡು ಹೋದ. ಜಾಡು ಅಪ್ಪನಿಗೆ ಗೊತ್ತು, ಗಾಡಿ ಚಿಕ್ಕಪ್ಪನಿಗೆ ಗೊತ್ತು. ಹಳ್ಳದಲ್ಲಿ ಎರಡು ಸಲ ಬಿದ್ದರಂತೆ. ಜನ ಬಂದರು, ಮೆದೆ ಉಳಿಯಿತು. ಮಾರನೆ ದಿನ ಚಿಕ್ಕಪ್ಪ ಕೆಲಸ ಮುಗಿಸಿ ಬಂದಾಗ ಬೀದಿ ತುದಿಯಲ್ಲಿ ಇಂಜಿನ್ ಆಫ್ ಮಾಡಲಿಲ್ಲ. ಜಗಲಿ ಮೇಲೆ ಕೂತಿದ್ದವರು ನೋಡಿದರು, ಸುಮ್ಮನಾದರು. ಆವತ್ತಿಂದ ನಮ್ಮ ಕೇರಿಯವರು ಯಾರೂ ಗಾಡಿ ತಳ್ಳಿಲ್ಲ. ಈಗ ನಮ್ಮ ಕೇರಿಯಲ್ಲಿ ಮನೆಗೊಂದು ಟಿವಿಎಸ್ ಎಕ್ಸ್‌ಎಲ್ ಇದೆ. ಮೇವಿನ ಹೊರೆ, ನೀರಿನ ಕೊಡ, ಹೆರಿಗೆ ನೋವಿನ ಹೆಂಗಸು ಎಲ್ಲ ಅದರಲ್ಲೇ. ಉಪಗ್ರಹ ಬೆಂಕಿ ಕಂಡರೆ ಇಲಾಖೆಯವರ ಫೋನಿಗೆ ಮೆಸೇಜು ಬರುತ್ತದಂತೆ, ಒಳ್ಳೇದು. ಆದರೆ ಮೆಸೇಜು ಬಂದ ಜಾಗಕ್ಕೆ ಜೀಪು ಹೋಗದ ಕಡೆ ಹೋಗೋದು ಎಕ್ಸ್‌ಎಲ್ ಹುಡುಗರೇ.

ಈಗ ನಾನು ಯಾಕೆ ಊರೂರು ಸುತ್ತುತಿದೀನಿ ಅನ್ನೋದಕ್ಕೆ ಬರ್ತೀನಿ.

2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ನಾವು ಹಬ್ಬ ಮಾಡಿದ್ದೆವು. ಸೋಲಿಗರು ಅದನ್ನು ಹಿಡಿದು ಹೋರಾಡಿದರು. ಬಿಳಿಗಿರಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆದ 2011ನೇ ಇಸವಿಯಲ್ಲೇ ಅವರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಅದು ಅವರ ಹಕ್ಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ನಾವು ಪರಿಶಿಷ್ಟ ಪಂಗಡ ಅಲ್ಲ, ಪರಿಶಿಷ್ಟ ಜಾತಿ. ಕಾಯ್ದೆಯಲ್ಲಿ ನಮ್ಮ ಹೆಸರು "ಇತರೆ ಪಾರಂಪರಿಕ ಅರಣ್ಯವಾಸಿ". ಆ ಇತರೆಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದು ಕಾಡನ್ನೇ ನಂಬಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. ಲೆಕ್ಕ ಹಾಕಿ. 1930ರ ಡಿಸೆಂಬರ್ 13. ಆವತ್ತು ಬಾಬಾಸಾಹೇಬರು ಲಂಡನ್ನಿನಲ್ಲಿ ದುಂಡು ಮೇಜಿನ ಪರಿಷತ್ತಿನಲ್ಲಿ ನಮ್ಮಂಥವರ ಪರ ವಾದ ಮಾಡೋಕೆ ಕೂತಿದ್ದರು. ನಮ್ಮ ಕೇರಿಯಲ್ಲಿ ಆವತ್ತು ಒಂದು ಅಕ್ಷರ ಬರೆಯಬಲ್ಲ ಒಬ್ಬನೂ ಇರಲಿಲ್ಲ. ಬರೆಯೋಕೆ ಬಿಡದವರ ಹತ್ತಿರ ಬರೆದ ಕಾಗದ ಕೇಳಿದರೆ ಎಲ್ಲಿಂದ ತರೋದು?

ನಮ್ಮ ಕೇರಿಯ ಹನ್ನೊಂದು ಮನೆಯ ಅರ್ಜಿ ಸಾಕ್ಷ್ಯ ಸಾಲದು ಅಂತ ವಾಪಸ್ಸು ಬಂದಿದೆ. ಗೆದ್ದಲು, ಸೋರುವ ಮಾಡು ಎಲ್ಲ ದಾಟಿ ನಮ್ಮ ಮನೆಯಲ್ಲಿ ಉಳಿದಿರೋ ಅತಿ ಹಳೆಯ ಸರ್ಕಾರಿ ಕಾಗದ ಯಾವುದು ಗೊತ್ತಾ? ಚಿಕ್ಕಪ್ಪನ ಯಜ್ಡಿಯ ಆರ್‌ಸಿ ಪುಸ್ತಕ. ಕೇರಿಯ ವಿಳಾಸ ಅದರಲ್ಲಿದೆ, ಸೀಲು ಇದೆ. ಆದರೆ ಅದು 1986. ಐವತ್ತಾರು ವರ್ಷ ಕಡಿಮೆ ಬಿತ್ತು.

ಕಾಯ್ದೆಯ ನಿಯಮ ಓದಿದರೆ ದಾರಿ ಇದೆ. ಇಂಥದ್ದೇ ಕಾಗದ ಬೇಕು ಅಂತಿಲ್ಲ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಅದರ ಜೊತೆ ಇನ್ನೊಂದು ಸಾಕ್ಷ್ಯ ಇರಬೇಕು, ಅಷ್ಟೇ. ಅದಕ್ಕೇ ಈ ಭಾನುವಾರದ ಸವಾರಿ. ಬೈಕ್ ಇಲ್ಲದಿದ್ದರೆ ಆಗದ ಕೆಲಸ, ಬಸ್ಸು ಹೋಗದ ಊರುಗಳಲ್ಲೇ ಹಿರಿಯರು ಉಳಿದಿರೋದು. ಸೂರ್ಯ ಇಳಿಯೋ ಮುಂಚೆ ವಾಪಸ್ಸು ಹೊರಡಬೇಕು. ಆನೆ ಅಡ್ಡ ಬಂದರೆ ಹಾರನ್ ಹೊಡೆಯೋ ಹಾಗಿಲ್ಲ, ದೂರದಲ್ಲೇ ನಿಲ್ಲಿಸಿ ಕಾಯಬೇಕು.

ಬಿಳಿಗಿರಿರಂಗನಿಗೆ ದೊಡ್ಡ ಚರ್ಮದ ಚಪ್ಪಲಿ ಹೊಲಿದು ಒಪ್ಪಿಸೋರು ನಮ್ಮ ಜನ. ದೇವರು ರಾತ್ರಿ ಕಾಡು ಸುತ್ತುತಾನೆ, ಅದಕ್ಕೇ ಚಪ್ಪಲಿ ಸವೆಯುತ್ತೆ, ಹೊಸದು ಕೊಡಬೇಕು ಅನ್ನೋದು ನಂಬಿಕೆ. ನಾನು ದೇವರನ್ನು ನಂಬೋನಲ್ಲ. ಆದರೆ ಕಾಡು ಸುತ್ತೋ ಚಪ್ಪಲಿ ಯಾರ ಕೈಯದು ಅಂತ ಗುಡಿಗೂ ಗೊತ್ತಿದೆ, ಕಡತಕ್ಕೆ ಮಾತ್ರ ಗೊತ್ತಿಲ್ಲ.

ಇವತ್ತು ಮೂರನೇ ಊರಿನಲ್ಲಿ ಸಿಕ್ಕಿದ್ದು ಒಬ್ಬರು ಅಜ್ಜಿ, ತೊಂಬತ್ತರ ಮೇಲೆ. ಕಣ್ಣು ಕಾಣಲ್ಲ, ಮಾತು ಗಟ್ಟಿ. "ನಮ್ಮಪ್ಪ ದೊರೆಗೋಳ ಕಾಲ್ದಲ್ಲಿ ಬೆಂಕಿ ಗೆರೆ ಕಡೀತಿದ್ದ ಕನಪ್ಪಾ" ಅಂದರು. ಯಾವ ವರ್ಷ ಅಜ್ಜಿ ಅಂದೆ. "ವರ್ಸ ಯಾರ್ಗ ಗೊತ್ತು? ದೊಡ್ ಬೆಂಕಿ ಬಿದ್ದು ಗುಡ್ಡ ಎಲ್ಲಾ ಕರ್ರಗಾಗಿತ್ತಂತ, ಆಗ ನಮ್ಮಣ್ಣ ಹುಟ್ಟಿದ್ದು. ಅಪ್ಪ ಬೆಂಕಿ ಬಡಿಯಕ ಹೋಗಿದ್ದ, ಮೂರ್ ದಿನ ಆದ್ಮೇಲ ಬಂದು ಕೂಸಿನ ಮೊಕ ನೋಡುದ್ನಂತ." ಅಣ್ಣ ಈಗ ಇಲ್ಲ. ಓಟು ಹಾಕಿದ್ದರಾ ಅಂತ ಕೇಳಿದೆ. "ಮೊದಲ್ನೆ ಓಟ್ನಲ್ಲೇ ಹಾಕಿದ್ದ. ನಾ ಹೋಗಿರ್ಲಿಲ್ಲ, ಕೂಸಿತ್ತು" ಅಂದರು.

ನಾನು ಅಲ್ಲೇ ಜಗಲಿ ಮೇಲೆ ಎರಡು ಸಲ ಬರೆದುಕೊಂಡೆ. 1952ರ ಮೊದಲ ಚುನಾವಣೆಯ ಮತದಾರರ ಪಟ್ಟಿಯಲ್ಲಿ ಆ ಅಣ್ಣನ ಹೆಸರಿದ್ದರೆ ಪಕ್ಕದಲ್ಲಿ ವಯಸ್ಸೂ ಇರುತ್ತೆ. ವಯಸ್ಸು ಕಳೆದರೆ ಆ ಬೆಂಕಿಯ ವರ್ಷ ಸಿಗುತ್ತೆ. ಬೆಂಕಿಯ ವರ್ಷ ಸಿಕ್ಕರೆ ಆ ವರ್ಷ ಅವರಪ್ಪ ಆ ಗುಡ್ಡದಲ್ಲಿದ್ದ ಅನ್ನೋದಕ್ಕೆ ಅಜ್ಜಿಯ ಹೇಳಿಕೆ ಒಂದು, ಪಟ್ಟಿ ಇನ್ನೊಂದು. ಅಜ್ಜಿಯ ಹೆಬ್ಬೆಟ್ಟು ತಗೊಂಡೆ, ಊರಿನ ಇಬ್ಬರು ಹುಡುಗರು ಸಾಕ್ಷಿ ಸಹಿ ಹಾಕಿದರು.

ಈಗ ಆ ಪಟ್ಟಿ ಹುಡುಕಬೇಕು. ಆಗ ಕೊಳ್ಳೇಗಾಲ ಮದ್ರಾಸ್ ರಾಜ್ಯದಲ್ಲಿತ್ತು, ಹಾಗಾಗಿ ಆ ಕಡೆಯ ಊರುಗಳ ಹಳೇ ಕಾಗದ ಚೆನ್ನೈ, ಕೊಯಮತ್ತೂರಿನಲ್ಲೂ ಇರಬಹುದು. ಅಲ್ಲಿರುವ ಗೆಳೆಯರು, ದಾಖಲೆ ಕೋಣೆಯಲ್ಲಿ ಕೆಲಸ ಮಾಡೋರು, ಹಳೇ ಮತದಾರರ ಪಟ್ಟಿ ಎಲ್ಲಿ ಇಟ್ಟಿರುತ್ತಾರೆ ಅಂತ ಗೊತ್ತಿರೋರು ದಯವಿಟ್ಟು ಇನ್‌ಬಾಕ್ಸಿಗೆ ಬನ್ನಿ. ಬೇಗ ಬನ್ನಿ, ಅಜ್ಜಿಗೆ ಕೆಮ್ಮು ಜಾಸ್ತಿ ಇದೆ. ಮುಂದಿನ ಭಾನುವಾರ ಇನ್ನೆರಡು ಊರಿಗೆ ಹೊರಡ್ತಿದೀನಿ. ಹಿಂದಿನ ಸೀಟು ಖಾಲಿ ಇದೆ, ಅಕ್ಷರ ದುಂಡಗೆ ಬರೆಯೋರು ಯಾರಾದರೂ ಬರೋ ಹಾಗಿದ್ದರೆ ಶನಿವಾರದೊಳಗೆ ಹೇಳಿ.