ಪಕ್ಕದ ಸೆಲ್‌ಗೆ ಏನಾಗುತ್ತದೆ?

ದೆಹಲಿಯ ಲೋಧಿ ಕಾಲೋನಿ 1940ರ ದಶಕದಲ್ಲಿ ಬ್ರಿಟಿಷರು ಸರ್ಕಾರಿ ನೌಕರರಿಗಾಗಿ ಕಟ್ಟಿಸಿದ ಬಡಾವಣೆ. ಅದರ ಗೋಡೆಚಿತ್ರಗಳನ್ನು ನೋಡಲು ಈಗ ಜನ ಬರುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಎದುರಿಗೆ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವಿದೆ. 2013ರ ಜನವರಿಯಲ್ಲಿ ಏರ್ ಇಂಡಿಯಾದ ಆರು ಡ್ರೀಮ್‌ಲೈನರ್‌ಗಳು ನೆಲಕ್ಕಿಳಿದಾಗ ಇಡೀ ಕಚೇರಿಯ ಗಮನ ಒಂದು ಬ್ಯಾಟರಿ ಪೆಟ್ಟಿಗೆಯ ಮೇಲಿತ್ತು.

ಜನವರಿ 7ರಂದು ಬಾಸ್ಟನ್‌ನಲ್ಲಿ, ಪ್ರಯಾಣಿಕರೆಲ್ಲ ಇಳಿದುಹೋಗಿದ್ದ ಜಪಾನ್ ಏರ್‌ಲೈನ್ಸ್ ವಿಮಾನದ ಬ್ಯಾಟರಿ ಹೊತ್ತಿಕೊಂಡಿತು. 16ರಂದು ಇನ್ನೊಂದು ಜಪಾನೀ ಸಂಸ್ಥೆಯ ವಿಮಾನ ಹೊಗೆಯ ಸೂಚನೆ ಕಂಡು ತಕಮಾತ್ಸುವಿನಲ್ಲಿ ತುರ್ತಾಗಿ ಇಳಿಯಿತು. ಅದರಲ್ಲಿದ್ದ 137 ಜನ ಜಾರುಬಂಡಿಗಳ ಮೂಲಕ ಹೊರಬಂದರು. ಇಂಥ ಹೊಗೆ ಒಂದು ಕೋಟಿ ಹಾರಾಟ ಗಂಟೆಗೆ ಒಮ್ಮೆಯೂ ಆಗದು ಎಂಬುದು ಬೋಯಿಂಗ್‌ನ ಲೆಕ್ಕವಾಗಿತ್ತು. ಆಗಿನ್ನೂ ಎಲ್ಲ 787ಗಳೂ ಸೇರಿ ಒಂದು ಲಕ್ಷ ಗಂಟೆಯೂ ಹಾರಿರಲಿಲ್ಲ.

ಹಾಗಾದರೆ ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದರು. 2006ರಲ್ಲಿ ಒಂದು ಸೆಲ್‌ಗೆ ಮೊಳೆ ಚುಚ್ಚಿ ನೋಡಿದ್ದರು. ಹೊಗೆ ಬಂತು, ಬೆಂಕಿ ಬರಲಿಲ್ಲ. ಒಂದು ಸೆಲ್ ಕೆಟ್ಟರೆ ಉಳಿದ ಏಳಕ್ಕೂ ಅಂಟಿಕೊಳ್ಳುವುದಿಲ್ಲ ಎಂಬ ತೀರ್ಮಾನಕ್ಕೆ ಅದೇ ಆಧಾರವಾಯಿತು. ಬಾಸ್ಟನ್‌ನಲ್ಲಿ ಅಂಟಿಕೊಂಡಿತು.

ಲಿಥಿಯಂ ಸೆಲ್ ಬಿಸಿಗೆ ಹೆದರುವುದೇಕೆ? ಎರಡು ಧ್ರುವಗಳ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆಯಿದೆ. ಪಾಲಿಎಥಿಲೀನ್ ಪೊರೆಯಾದರೆ ಅದು ಸುಮಾರು 130 ಡಿಗ್ರಿಯಲ್ಲಿ ಕರಗುತ್ತದೆ. ಪೂರ್ತಿ ಕುಗ್ಗಿಹೋದರೆ ಧ್ರುವಗಳು ಮುಟ್ಟಿಕೊಂಡು ಇನ್ನಷ್ಟು ಬಿಸಿ, ಆ ಬಿಸಿಯಿಂದ ಮತ್ತಷ್ಟು ರಾಸಾಯನಿಕ ಕ್ರಿಯೆ. ಮೊಬೈಲ್ ಫೋನ್‌ಗಳಂಥವುಗಳ ಸೆಲ್‌ಗೆ ಭಾರತದ ಮಾನಕ ಐಎಸ್ 16046 ಹೇಳುವ ಒಲೆಯ ಪರೀಕ್ಷೆಯೂ 130 ಡಿಗ್ರಿಯದ್ದೇ: ನಿಮಿಷಕ್ಕೆ ಐದೈದು ಡಿಗ್ರಿ ಏರಿಸಿ, ಅಲ್ಲೇ ಹಿಡಿದಿಟ್ಟು, ಸೆಲ್ ಹೊತ್ತಿಕೊಳ್ಳದೆ, ಸಿಡಿಯದೆ ಉಳಿಯುತ್ತದೆಯೇ ಎಂದು ನೋಡುವುದು. ಒಳ್ಳೆಯ ಪರೀಕ್ಷೆಯೇ. ಆದರೆ ಅದು ಒಂಟಿ ಸೆಲ್‌ನ ಸಹನೆಯನ್ನಷ್ಟೇ ಅಳೆಯುತ್ತದೆ, ನೆರೆಹೊರೆಯ ಕಥೆ ಅದರಲ್ಲಿಲ್ಲ.

ಬೋಯಿಂಗ್‌ನ ಪರಿಹಾರದಲ್ಲಿ ಒಂದು ಒಪ್ಪಿಗೆ ಅಡಗಿತ್ತು: ಸೆಲ್ ಮತ್ತೆ ಕೆಡಬಹುದು. ಸೆಲ್‌ಗಳ ನಡುವೆ ಹೆಚ್ಚಿನ ನಿರೋಧಕ, ಸುತ್ತ ಸ್ಟೀಲ್ ಪೆಟ್ಟಿಗೆ, ಹೊಗೆ ನೇರ ವಿಮಾನದ ಹೊರಗೆ ಹೋಗಲು ಕೊಳವೆ. ಮೇ ತಿಂಗಳಲ್ಲಿ ಏರ್ ಇಂಡಿಯಾದ ವಿಮಾನಗಳು ಮತ್ತೆ ಹಾರಿದವು. 2014ರ ಜನವರಿಯಲ್ಲಿ ನರಿತಾದಲ್ಲಿ ನಿಂತಿದ್ದ ವಿಮಾನವೊಂದರ ಒಂದು ಸೆಲ್ ಹೊಗೆಯುಗುಳಿತು, ಬೆಂಕಿ ಹರಡಲಿಲ್ಲ.

ನಮ್ಮ ರಸ್ತೆಗಳಿಗೆ ಅದೇ ಪ್ರಶ್ನೆ ಬರಲು 2022ರ ಬೇಸಿಗೆಯವರೆಗೆ ಕಾಯಬೇಕಾಯಿತು. ವಿದ್ಯುತ್ ಸ್ಕೂಟರ್‌ಗಳು ಒಂದರ ಹಿಂದೊಂದು ಉರಿದಾಗ ತಿಮಾರ್‌ಪುರದ ಡಿಆರ್‌ಡಿಓ ಅಗ್ನಿಸುರಕ್ಷತಾ ಪ್ರಯೋಗಾಲಯವೂ ತನಿಖೆಗಿಳಿಯಿತು. ಅದೇ ವರ್ಷ ಎಐಎಸ್-156 ಮಾನಕಕ್ಕೆ ತಿದ್ದುಪಡಿಯಾಯಿತು. ಪ್ಯಾಕ್‌ನೊಳಗಿನ ಒಂದು ಸೆಲ್ ಅನ್ನು ಬೇಕೆಂದೇ ಕೆಡಿಸಿ, ಉಳಿದದ್ದು ಹೊತ್ತಿಕೊಳ್ಳುತ್ತದೆಯೇ ಎಂದು ನೋಡುವ ಪರೀಕ್ಷೆ ಅದರ ಎರಡನೇ ಹಂತದಲ್ಲಿ, 2023ರ ಮಾರ್ಚ್ 31ರಿಂದ ಕಡ್ಡಾಯವಾಯಿತು. ಅದಕ್ಕೂ ಮುಂಚೆ ಮಾರಾಟವಾದ ಗಾಡಿಗಳಿಗೆ ಆ ಪರೀಕ್ಷೆ ಎದುರಿಸಲೇಬೇಕೆಂಬ ನಿಯಮವಿರಲಿಲ್ಲ.