ಸೊಳ್ಳೆಗೆಂದು ಹಚ್ಚಿದ ಎಣ್ಣೆ, ಹಣ್ಣಿನ ನೊಣಕ್ಕೆ ಬಲೆ

ದೇವನಹಳ್ಳಿ, ಹೊಸಕೋಟೆ ಕಡೆಯ ಮಾವು, ಸೀಬೆ ತೋಟಗಳಲ್ಲಿ ಕೊಂಬೆಗೆ ನೇತುಹಾಕಿದ ಪ್ಲಾಸ್ಟಿಕ್ ಡಬ್ಬಿಗಳನ್ನು ನೀವು ಕಂಡಿರಬಹುದು. ಒಳಗೊಂದು ಮರದ ತುಂಡು. ತಳದಲ್ಲಿ ಸತ್ತ ಹಣ್ಣಿನ ನೊಣಗಳ ರಾಶಿ. ರೈತರು ಇದನ್ನು ಊಜಿ ಎನ್ನುವುದೂ ಉಂಟು. ರೇಷ್ಮೆಹುಳುವನ್ನು ಕಾಡುವ ಊಜಿ ಬೇರೆಯೇ ಕೀಟ. ಹೆಣ್ಣು ನೊಣ ಬಲಿತ ಕಾಯಿಯ ಸಿಪ್ಪೆಯಡಿ ಮೊಟ್ಟೆಯಿಡುತ್ತದೆ. ಮರಿಹುಳು ತಿರುಳಿನೊಳಗೆ ಬೆಳೆಯುವುದರಿಂದ ಹೊರಗೆ ಸಿಂಪಡಿಸಿದ ಔಷಧಿ ಅದಕ್ಕೆ ತಾಕುವುದು ಕಷ್ಟ. ಕೊಯ್ಲಿನ ಹೊತ್ತಿಗೆ ಸಿಂಪಡಿಸಿದರೆ ವಿಷದ ಅಂಶ ತಿನ್ನುವವರ ಹೊಟ್ಟೆ ಸೇರೀತು. 2014ರಲ್ಲಿ ಐರೋಪ್ಯ ಒಕ್ಕೂಟ ಭಾರತದ ಮಾವನ್ನು ಕೆಲವು ತಿಂಗಳು ತಡೆಹಿಡಿದದ್ದೂ ಈ ನೊಣದ ಕಾರಣಕ್ಕೇ.

ಆ ಮರದ ತುಂಡಿಗೆ ಹೀರಿಸಿರುವ ರಾಸಾಯನಿಕ ಮಿಥೈಲ್ ಯೂಜಿನಾಲ್. ಇದರ ಕಥೆ ಶುರುವಾದದ್ದು ಬಿಹಾರದ ಪೂಸಾದಲ್ಲಿ. ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಹೌಲೆಟ್ ಎಂಬ ಕೀಟತಜ್ಞರಿದ್ದರು. ಸೊಳ್ಳೆ ಓಡಿಸಲು ಸಿಟ್ರೊನೆಲ್ಲ ಹುಲ್ಲಿನ ಎಣ್ಣೆ ಬಳಸಿದ ನೆರೆಯವರೊಬ್ಬರಿಗೆ ನೊಣಗಳು ಮುತ್ತಿಕೊಂಡವು. ಹೌಲೆಟ್ ಪರೀಕ್ಷಿಸಿದಾಗ ಅವು ಹಣ್ಣಿನ ನೊಣಗಳು, ಅದೂ ಬರೀ ಗಂಡುಗಳು! 1912ರಲ್ಲಿ ಇದನ್ನು ಪ್ರಕಟಿಸಿದ ಅವರು, ಎಣ್ಣೆಯ ಘಟಕಗಳನ್ನು ಒಂದೊಂದಾಗಿ ಪರೀಕ್ಷಿಸಿ 1915ರಲ್ಲಿ ಮಿಥೈಲ್ ಯೂಜಿನಾಲನ್ನು ಗುರುತಿಸಿದರು. ಲವಂಗದ ಯೂಜಿನಾಲ್‌ಗೆ ಒಂದು ಮಿಥೈಲ್ ಗುಂಪು ಸೇರಿದರೆ ಇದು. ನಮ್ಮ ಅಂಗಳದ ಕೆಲವು ತುಳಸಿಗಳಲ್ಲೂ ಉಂಟು. ಗಂಡು ನೊಣ ಇದನ್ನು ತಿಂದು ಹೆಣ್ಣನ್ನು ಸೆಳೆಯುವ ವಾಸನೆಯಾಗಿ ಮಾರ್ಪಡಿಸಿಕೊಳ್ಳುತ್ತದೆಂದು ಜಪಾನಿನ ವಿಜ್ಞಾನಿಗಳು ತೋರಿಸಿದ್ದು ಬಹಳ ತಡವಾಗಿ, 1980ರ ದಶಕದಲ್ಲಿ.

ಪೂಸಾದ ಈ ಶೋಧ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು ಮಾತ್ರ ಹೊರದೇಶದಲ್ಲಿ. 1960ರ ದಶಕದಲ್ಲಿ ಪೆಸಿಫಿಕ್ ಸಾಗರದ ರೋಟಾ ದ್ವೀಪದ ಮೇಲೆ, ಮಿಥೈಲ್ ಯೂಜಿನಾಲ್ ಮತ್ತು ಕೀಟನಾಶಕ ಹೀರಿಸಿದ ನಾರಿನ ತುಂಡುಗಳನ್ನು ವಿಮಾನದಿಂದ ಉದುರಿಸಿ ಗಂಡುಗಳನ್ನೆಲ್ಲ ಕೊಂದರು. ಜೋಡಿಯಿಲ್ಲದೆ ಸಂತತಿಯೇ ನಿಂತಿತು.

ನಮ್ಮ ತೋಟ ದ್ವೀಪವಲ್ಲ. ಉಳಿದ ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡಬಲ್ಲದು. ಪಕ್ಕದ ತೋಟದಲ್ಲಿ ಗರ್ಭಧರಿಸಿದ ಹೆಣ್ಣು ಬೇಲಿ ದಾಟಿ ಬಂದೀತು. ಆದ್ದರಿಂದಲೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಲೆಯ ಜೊತೆಗೆ, ಉದುರಿದ ಹಣ್ಣುಗಳನ್ನು ಆರಿಸಿ ನಾಶಮಾಡಲೂ ಹೇಳುತ್ತದೆ. ಇಲ್ಲದಿದ್ದರೆ ಹುಳು ಮಣ್ಣಿಗಿಳಿದು ಕೋಶಾವಸ್ಥೆ ಸೇರುತ್ತದೆ.

ಬಲೆಯನ್ನು ‘ಸಾವಯವ’ ಎಂದು ಮಾರುವವರಿದ್ದಾರೆ. ಡಬ್ಬಿಯ ಚೀಟಿ ಓದಿ ನೋಡಿ. ಕರೆಯುವುದು ಸಸ್ಯದ ಪರಿಮಳವಾದರೂ ಅನೇಕ ಬಲೆಗಳಲ್ಲಿ ಕೊಲ್ಲುವುದು ಕೀಟನಾಶಕ. ಬಹುಕಾಲ ಬಳಕೆಯಲ್ಲಿದ್ದ ಡೈಕ್ಲೋರ್‌ವಾಸ್‌ಗೆ 2020ರ ಕೊನೆಯಿಂದ ನಮ್ಮ ದೇಶದಲ್ಲಿ ನಿಷೇಧವಿದೆ.