ಕಸದ ಬುಟ್ಟಿಗೂ ಒಂದು ಚರಿತ್ರೆ ಇದೆ



ಹಾಸನೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೊದಲ ವಾರ ನಾನು ಒಬ್ಬ ಅಕ್ಕನಿಂದ ಬೈಸಿಕೊಂಡೆ. ಬೆಳಿಗ್ಗೆ ಕಸದ ಗಾಡಿ ಬಂತು. ರೂಮಿನ ಕಸವೆಲ್ಲ ಇದ್ದ ಒಂದೇ ಬಕೆಟ್ಟನ್ನು ಹಿಡಿದುಕೊಂಡು ಓಡಿದೆ. ಪೌರಕಾರ್ಮಿಕ ಅಕ್ಕ ಒಳಗೆ ಇಣುಕಿ ನೋಡಿ ಬಕೆಟ್ಟನ್ನು ನನ್ನ ಕೈಗೇ ವಾಪಸ್ ಕೊಟ್ಟರು. "ಏನಪ್ಪಾ, ಅನ್ನ, ಕವರು, ಬ್ಲೇಡು ಎಲ್ಲಾ ಒಂದ್ರಲ್ಲೇ ಹಾಕಿದ್ದೀಯ. ಇದನ್ನ ಬೇರೆ ಮಾಡೋದು ನನ್ನ ಕೈ ತಾನೇ?" ಅಂದರು. ಅವರ ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿತ್ತು. ನನಗೆ ಮಾತೇ ಹೊರಡಲಿಲ್ಲ.

ಕಸ ಬೇರ್ಪಡಿಸುವ ಈ ನಿಯಮ ಎಲ್ಲಿಂದ ಬಂತು ಎಂದು ಹುಡುಕಿದ್ದು ಆಮೇಲೆ. ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ನಮ್ಮ ಅಜ್ಜಿಯರ ಕಾಲದಲ್ಲಿ ಇಂಥ ನಿಯಮ ಬೇಕಿರಲಿಲ್ಲ. ತರಕಾರಿ ಸಿಪ್ಪೆ ದನಕ್ಕೆ, ಸಗಣಿ ಮತ್ತು ಒಲೆಯ ಬೂದಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ರಾಗಿ ಹೊಲಕ್ಕೆ. ಹರಿದ ಸೀರೆ ಕೌದಿಯಾಗುತ್ತಿತ್ತು. ಒಡೆದ ಪಾತ್ರೆ, ಹಳೆ ಕಬ್ಬಿಣ ಗುಜರಿಯವನ ಗಾಡಿ ಸೇರುತ್ತಿತ್ತು. ಮನೆಯ ಹೊರಗೆ ಎಸೆದರೂ ಮಣ್ಣಲ್ಲಿ ಕರಗುವ ವಸ್ತುಗಳೇ ಹೆಚ್ಚು. ಅದಕ್ಕೇ 'ಎಸೆಯುವುದು' ನಮಗೆ ತಪ್ಪಾಗಿ ಕಾಣಲಿಲ್ಲ. ಪ್ಲಾಸ್ಟಿಕ್ ಬಂದ ಮೇಲೂ ಕೈಯ ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು.

ಪಟ್ಟಣದ ಕಥೆ ಬೇರೆ. ಅಲ್ಲಿ ಹಿತ್ತಲಿಲ್ಲ, ತಿಪ್ಪೆಯಿಲ್ಲ. ಕೊಳಕು ಮತ್ತು ಕಿಕ್ಕಿರಿದ ಮನೆಗಳು ಎಷ್ಟು ಅಪಾಯ ಎಂಬುದನ್ನು ಬೆಂಗಳೂರು 1898ರ ಪ್ಲೇಗಿನಲ್ಲಿ ಕಲಿತಿತ್ತು. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದದ್ದು ಆ ಭಯದ ನೆರಳಿನಲ್ಲೇ. 1994ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಮತ್ತೆ ಪ್ಲೇಗ್ ಕಾಣಿಸಿಕೊಂಡಾಗ ಇಡೀ ದೇಶ ಬೆಚ್ಚಿತು. ಎರಡು ವರ್ಷದ ನಂತರ, 1996ರಲ್ಲಿ, ಬೆಂಗಳೂರಿನ ನಿವಾಸಿ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆ ನಗರಗಳ ಕಸದ ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಆ ಮೊಕದ್ದಮೆಯ ಫಲವಾಗಿ 2000ದಲ್ಲಿ ನಗರಗಳ ಘನತ್ಯಾಜ್ಯಕ್ಕೆ ದೇಶವ್ಯಾಪಿ ನಿಯಮಗಳು ಬಂದವು. ಕಸವನ್ನು ಬೇರ್ಪಡಿಸಬೇಕೆಂಬ ಮಾತು ಅವುಗಳಲ್ಲೇ ಇತ್ತು.

ಆದರೆ ಕಾಗದದ ಮೇಲಿನ ನಿಯಮ ಮನೆಯ ಬಕೆಟ್ಟಿಗೆ ಇಳಿಯಲಿಲ್ಲ. ಬೆಂಗಳೂರಿನ ಕಸ ಲಾರಿ ಲಾರಿಯಾಗಿ ಹೊರವಲಯದ ಹಳ್ಳಿಗಳಿಗೆ ಹೋಯಿತು. ಉತ್ತರಕ್ಕೆ ಮಾವಳ್ಳಿಪುರ, ಪೂರ್ವಕ್ಕೆ ಮಂಡೂರು. ಹಸಿಯ ಜೊತೆ ಪ್ಲಾಸ್ಟಿಕ್ ಸೇರಿದ ಕಸ ಗೊಬ್ಬರವೂ ಆಗುವುದಿಲ್ಲ, ಮರುಬಳಕೆಗೂ ಬರುವುದಿಲ್ಲ. ಬೆಟ್ಟವಾಗಿ ಬೆಳೆಯುತ್ತದೆ, ಕೊಳೆತ ನೀರನ್ನು ನೆಲಕ್ಕೆ ಬಿಡುತ್ತದೆ. ಹಳ್ಳಿಯವರು ನೊಣ, ದುರ್ವಾಸನೆ, ಕೆಟ್ಟ ನೀರಿನ ನಡುವೆ ಬದುಕಿದರು. ಕೊನೆಗೆ ತಿರುಗಿ ನಿಂತರು. 2012ರಲ್ಲಿ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತಾಗ ಬೆಂಗಳೂರಿನ ಬೀದಿಗಳಲ್ಲೇ ರಾಶಿ ಬಿತ್ತು. 2014ರಲ್ಲಿ ಮಂಡೂರಿನ ಜನ ಲಾರಿಗಳನ್ನು ತಡೆದರು. ಆ ವರ್ಷದ ಕೊನೆಗೆ ಅಲ್ಲಿಯೂ ಬಾಗಿಲು ಮುಚ್ಚಿತು.

ಕರ್ನಾಟಕ ಹೈಕೋರ್ಟ್ 2015ರ ಡಿಸೆಂಬರಿನಲ್ಲಿ 'ಎರಡು ಬುಟ್ಟಿ, ಒಂದು ಚೀಲ' ಪದ್ಧತಿಯನ್ನು ಬೆಂಗಳೂರಿನಲ್ಲಿ ಕಡ್ಡಾಯ ಮಾಡಿತು. ಹಸಿರು ಬುಟ್ಟಿ ಹಸಿ ಕಸಕ್ಕೆ. ಕೆಂಪು ಬುಟ್ಟಿ ಪ್ಯಾಡ್, ಡೈಪರ್, ಬ್ಯಾಂಡೇಜಿನಂಥವಕ್ಕೆ. ಅವನ್ನು ಕಾಗದದಲ್ಲಿ ಸುತ್ತಿ ಕೊಡಬೇಕು. ಚೀಲ ಕಾಗದ, ಪ್ಲಾಸ್ಟಿಕ್, ಗಾಜು, ಲೋಹದಂಥ ಒಣ ಕಸಕ್ಕೆ. 2016ರಲ್ಲಿ ಕೇಂದ್ರದ ಹೊಸ ನಿಯಮಗಳು ಮೂರು ಬಗೆಯ ವಿಂಗಡಣೆಯನ್ನು ಪ್ರತಿ ಮನೆಯ ಕರ್ತವ್ಯವೆಂದವು. ಕಸವನ್ನು ಬೀದಿಯಲ್ಲಿ ಎಸೆಯುವುದಷ್ಟೇ ಅಲ್ಲ, ಸುಡುವುದನ್ನೂ ನಿಷೇಧಿಸಿದವು.

ಅಂದರೆ ಅಕ್ಕ ನನಗೆ ವಾಪಸ್ ಕೊಟ್ಟ ಬಕೆಟ್ಟಿನ ಹಿಂದೆ ಎರಡು ಹಳ್ಳಿಗಳ ಕಣ್ಣೀರಿತ್ತು. ಅದು ನನಗೆ ಗೊತ್ತಿರಲಿಲ್ಲ ಅಷ್ಟೇ.

ಇದೆಲ್ಲ ಪಟ್ಟಣದ ಮಾತು, ನಮಗೇಕೆ ಅನ್ನಬೇಡಿ. ನಮ್ಮ ಊರು ಇರುವುದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. 2008ರಲ್ಲಿ ವನ್ಯಜೀವಿಧಾಮವಾದ ಈ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ದಿಂಬಂ ಘಾಟಿನ 27 ತಿರುವು ಹತ್ತಿ ಬಂದ ಗಾಡಿಗಳೆಲ್ಲ ನಮ್ಮ ಊರ ಮೂಲಕವೇ ಚಾಮರಾಜನಗರದ ಕಡೆ ಹೋಗುತ್ತವೆ. ತಿಂದ ಪೊಟ್ಟಣ, ಕುಡಿದ ಬಾಟಲಿ ಕಿಟಕಿಯಿಂದ ಕಾಡಿಗೆ ಬೀಳುತ್ತವೆ. ಉಪ್ಪಿನ ವಾಸನೆಗೆ ಬಂದ ಜಿಂಕೆಗೆ ಕವರು ಯಾವುದು, ತಿಂಡಿ ಯಾವುದು ಎಂದು ಹೇಗೆ ತಿಳಿಯಬೇಕು?

ನಿಯಮಗಳು ಇಲ್ಲಿಗೂ ಬಂದಿವೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ತಮಿಳುನಾಡು 2019ರ ಜನವರಿ 1ರಿಂದ ನಿಷೇಧಿಸಿತು. ಗಡಿಯಾಚೆ ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು. 2021ರ ಡಿಸೆಂಬರಿನಲ್ಲಿ ತಮಿಳುನಾಡು ಸರ್ಕಾರ ಹಳದಿ ಬಟ್ಟೆ ಚೀಲವನ್ನು ಮತ್ತೆ ಕೈಗೆ ತರುವ 'ಮೀಂಡುಂ ಮಂಜಪ್ಪೈ' ಅಭಿಯಾನ ಆರಂಭಿಸಿತು. ನಮ್ಮ ತಾತಂದಿರು ಸಂತೆಗೆ ಒಯ್ಯುತ್ತಿದ್ದ ಚೀಲಕ್ಕೆ ಸರ್ಕಾರದ ಮರ್ಯಾದೆ ಸಿಕ್ಕಿತು! ನೆರೆಯ ನೀಲಗಿರಿಯಲ್ಲಿ ಒಡೆದ ಮದ್ಯದ ಬಾಟಲಿಗಳು ಆನೆಗಳ ಪಾದ ಸೀಳುತ್ತಿದ್ದವು. ಮದ್ರಾಸ್ ಹೈಕೋರ್ಟ್ ಮಧ್ಯೆ ಬಂದ ಮೇಲೆ, 2022ರ ಮೇ ತಿಂಗಳಿಂದ ಅಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದರೆ ಹಿಂದಿರುಗಿಸುವ ಏರ್ಪಾಡು ಬಂತು. ಉಪದೇಶ ಮಾಡದ ಕೆಲಸವನ್ನು ಹತ್ತು ರೂಪಾಯಿ ಮಾಡಿತು.

ಇಷ್ಟು ಓದಿದಾಗ ನನಗೆ ಸಂತ ಯೊವಾನ್ನರ ಶುಭಸಂದೇಶದ ಆರನೇ ಅಧ್ಯಾಯ ನೆನಪಾಯಿತು. ಐದು ಸಾವಿರ ಜನ ಹೊಟ್ಟೆ ತುಂಬ ಉಂಡ ಮೇಲೆ ಯೇಸುಸ್ವಾಮಿ ಉಳಿದ ತುಂಡುಗಳನ್ನು ಆರಿಸಿಡಲು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿ ತುಂಬಿತು. ನಾವು ರೊಟ್ಟಿಯ ಅದ್ಭುತವನ್ನು ನೆನೆಯುತ್ತೇವೆ, ಬುಟ್ಟಿಗಳನ್ನು ಮರೆಯುತ್ತೇವೆ.

ಮಿತ್ರರೇ, ನಿಮ್ಮಲ್ಲಿ ಅನೇಕರು ಓದಲು, ದುಡಿಯಲು ಮೈಸೂರು, ಕೊಯಮತ್ತೂರು, ಬೆಂಗಳೂರಿಗೆ ಹೋಗುವವರು. ಅಲ್ಲಿ ಮೊದಲ ದಿನವೇ ಎರಡು ಬುಟ್ಟಿ, ಒಂದು ಚೀಲ ಇಟ್ಟುಕೊಳ್ಳಿ. ಬ್ಲೇಡು, ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿ. ಊರಿಗೆ ಬಂದಾಗ ಸಿಪ್ಪೆ ತಿಪ್ಪೆಗೆ ಹೋಗಲಿ, ಕವರು ಮಾತ್ರ ಅಲ್ಲಿಗೆ ಹೋಗದಿರಲಿ. ಅದನ್ನು ಒಲೆಗೂ ಹಾಕಬೇಡಿ. ಹಬ್ಬದ ಊಟಕ್ಕೆ ಬಾಳೆಲೆ, ಸ್ಟೀಲ್ ಲೋಟ ಸಾಕು.

ಮರುದಿನ ನಾನು ಬೇರ್ಪಡಿಸಿದ ಕಸ ಕೊಟ್ಟಾಗ ಆ ಅಕ್ಕ ಏನೂ ಹೇಳಲಿಲ್ಲ. ತಗೊಂಡು ಮುಂದಿನ ಮನೆಗೆ ಹೋದರು. ಅವರ ಬೆರಳಿನ ಪಟ್ಟಿ ಇನ್ನೂ ಇತ್ತು. ಇನ್ನೊಂದು ಗಾಯ ನನ್ನ ಬಕೆಟ್ಟಿನಿಂದ ಆಗುವುದಿಲ್ಲ ಎಂಬ ಸಮಾಧಾನದಲ್ಲಿ ಕೆಲಸಕ್ಕೆ ಹೊರಟೆ.